ಗೊಬ್ಬರದ ಗುಂಡಿಗೆ ಬಿದ್ದ ಕಾಲುಚೀಲ

ಹಿತ್ತಲಿನ ಗೊಬ್ಬರದ ಗುಂಡಿಗೆ ಒಂದೇ ದಿನ ಎರಡು ಹತ್ತಿಬಟ್ಟೆಗಳು ಬಿದ್ದವು. ಒಂದು, ಸೀರೆಯಾಗಿದ್ದು, ತೊಟ್ಟಿಲಿಗೆ ಹಾಸಾಗಿ, ಕೊನೆಗೆ ಬಿಸಿ ಪಾತ್ರೆ ಇಳಿಸಲು ಒದಗಿದ ಮಸಿಬಟ್ಟೆ. ಇನ್ನೊಂದು, ಬೆವರಿದರೂ ನಾರದಿರಲೆಂದು ಕ್ರಿಮಿ ಕೊಲ್ಲುವ ಮದ್ದಿನಲ್ಲಿ ಅದ್ದಿ ತೆಗೆದ ಕಾಲುಚೀಲ.

ಮಣ್ಣಿನ ಸೂಕ್ಷ್ಮಾಣುಗಳು ಹಸಿದು ಬಂದವು.

“ದೂರ ನಿಲ್ಲಿ! ನನ್ನನ್ನು ಮುಟ್ಟಿದವರು ಯಾರೂ ಉಳಿದಿಲ್ಲ,” ಎಂದಿತು ಕಾಲುಚೀಲ.

“ನನ್ನನ್ನು ತಿನ್ನಿರಪ್ಪಾ, ಸಾರಿನ ರುಚಿಯೂ ಇದೆ,” ಎಂದು ಮಸಿಬಟ್ಟೆ ನಕ್ಕಿತು. ಮೂರು ತಿಂಗಳಲ್ಲಿ ಅದು ಮಣ್ಣಾಯಿತು. ಆ ಮಣ್ಣಿನಲ್ಲಿ ಬೇರಿಳಿಸಿದ ಕುಂಬಳಬಳ್ಳಿ ಬೇಲಿಯ ತುಂಬ ಹೂ ಬಿಟ್ಟಿತು.

ಕಾಲುಚೀಲ ಮಾತ್ರ ಇದ್ದ ಹಾಗೇ ಇತ್ತು. ಅದರ ಹತ್ತಿರ ಯಾರೂ ಸುಳಿಯಲಿಲ್ಲ.

“ಎರೆಹುಳಣ್ಣ, ನಾನೂ ಹತ್ತಿಯೇ. ನನ್ನನ್ನೂ ಮಣ್ಣಿಗೆ ಸೇರಿಸಿಕೊಳ್ಳಿ,” ಎಂದು ಅದು ಬೇಡಿಕೊಂಡಿತು.

“ನಮಗೇನೂ ಹಟವಿಲ್ಲ, ತಂಗಿ. ನಿನ್ನ ಮೈಯ ಮದ್ದು ತೊಳೆದು ಹೋಗಲಿ. ಆಮೇಲೆ ನೋಡು, ನೂಕುನುಗ್ಗಲು!” ಎಂದಿತು ಎರೆಹುಳು.

ಒಂದು ಮಳೆಗಾಲ ಕಳೆದು ಇನ್ನೊಂದು ಬಂತು. ಒಂದು ಬೆಳಿಗ್ಗೆ ಪುಟ್ಟ ಬೂಷ್ಟೊಂದು ಹೆದರುತ್ತಲೇ ಕಾಲುಚೀಲದ ಹಿಮ್ಮಡಿಯನ್ನು ಕಚ್ಚಿ ನೋಡಿತು. ಸಾಯಲಿಲ್ಲ. ಮತ್ತೊಮ್ಮೆ ಕಚ್ಚಿತು.

“ಅಯ್ಯಯ್ಯೋ, ಕಚಗುಳಿ!” ಎಂದು ಕೂಗಿತು ಕಾಲುಚೀಲ.

“ನಿಲ್ಲಿಸಲೇ?”

“ಬೇಡ ಮಹರಾಯ, ನಿನ್ನ ನೆಂಟರಿಷ್ಟರನ್ನೂ ಕರೆ!”

ತಿಂಗಳೊಳಗೆ ಹಿಮ್ಮಡಿಯಲ್ಲಿ ತೂತು ಬಿತ್ತು. ಅದರೊಳಗೆ ಬೆಂಡೆಗಿಡದ ಎಳೆಬೇರೊಂದು ತಲೆ ತೂರಿಸಿ ಕೇಳಿತು: “ಅತ್ತೆ, ಊಟಕ್ಕೇನಿದೆ?”

“ಬಾ ಮಗು,” ಎಂದಿತು ಕಾಲುಚೀಲ, “ನಾನಿದ್ದೇನೆ.”