ಗುಟ್ಟಿನ ಗೊಬ್ಬರ

"ನನ್ನ ನೆಲದಲ್ಲಿ ಬೆಳೆದ ಕಾಳು ನನ್ನದು. ನನ್ನ ನೆಲದಲ್ಲಿ ಹುಟ್ಟಿದ ತಿಳಿವಳಿಕೆಯೂ ನನ್ನದೇ!"

ಗೋಣಿಗುಡ್ಡದ ದೊರೆ ಮುದ್ದುಲಿಂಗನಾಯಕ ಹೀಗೆಂದು ಮೀಸೆ ತಿರುವಿದ. ಸಭೆ ಹೌದು ಹೌದು ಎಂದಿತು. ಸಭೆಯ ಕೆಲಸ ಅದೇ.

ಎದುರಿಗೆ ಗ್ಯಾರಮ್ಮ ನಿಂತಿದ್ದಳು. ಬೂದಿಗಟ್ಟೆಯ ಮುದುಕಿ. ಬೂದಿಗಟ್ಟೆಯ ನೆಲ ಬರೀ ಚೌಳು. ಬೆಳ್ಳಗೆ ಉಪ್ಪು ಕಾರುವ ಮಣ್ಣು. ಅಗಸರು ಬಟ್ಟೆ ಒಗೆಯಲು ಒಯ್ಯುತ್ತಿದ್ದರು. ಬೇರೆ ಯಾವುದಕ್ಕೂ ಬಾರದು.

ಅಂಥ ನೆಲವನ್ನು ಊರವರೆಲ್ಲ ಕೂಡಿ ತಿದ್ದಿದರು. ಈಗ ರಾಗಿ ಬರುತ್ತಿತ್ತು, ಅವರೆ ಬರುತ್ತಿತ್ತು. ಊರಿಗೆಲ್ಲ ಒಂದೇ ಕಣ. ಬಂದದ್ದನ್ನು ಹಂಚಿಕೊಂಡು ಉಣ್ಣುವುದು.

ಸುತ್ತಲ ಹಳ್ಳಿಗಳದ್ದೂ ಚೌಳೇ. ಅಲ್ಲಿಯವರು ಬಂದು, ನಮಗೂ ತೋರಿಸಿಕೊಡಮ್ಮ ಎಂದರು. ಗ್ಯಾರಮ್ಮ ತೋರಿಸತೊಡಗಿದಳು. ಅಷ್ಟರಲ್ಲಿ ದೊರೆಯ ಆಳುಗಳು ಅವಳನ್ನು ಹಿಡಿದು ತಂದರು.

"ಆ ವಿದ್ಯೆ ನನಗೊಬ್ಬನಿಗೇ ಹೇಳು, ಮುದುಕಿ. ಇನ್ಯಾರಿಗೂ ಹೇಳಕೂಡದು."

"ನಿಮಗೂ ಹೇಳ್ತೀನಿ ಬುದ್ಧಿ. ಕೇಳಿದೋರಿಗೂ ಹೇಳ್ತೀನಿ."

"ನಾಲಿಗೆ ಕತ್ತರಿಸ್ತೀನಿ!"

"ಕತ್ತರಿಸಿ. ಕೈ ಸನ್ನೇಲಿ ತೋರಿಸ್ತೀನಿ."

ದೊರೆ ಅವಳನ್ನು ಸೆರೆಗೆ ಹಾಕಿಸಿದ. ಡಂಗುರ ಸಾರಿಸಿದ. ಚೌಳು ತಿದ್ದುವ ಗುಟ್ಟು ಇನ್ನು ಅರಮನೆಯದು. ದೊರೆಯ ಹೊರತು ಯಾರು ತಿಳಿದುಕೊಂಡರೂ ನಾಲಿಗೆ ಇರುವುದಿಲ್ಲ.

ಮಳೆಗಾಲ ಹತ್ತಿರವಿತ್ತು. ಮಳೆಗೆ ಮೊದಲು ನೆಲ ತಿದ್ದದಿದ್ದರೆ ಆ ಹಳ್ಳಿಗಳ ಮಂದಿಗೆ ಈ ವರ್ಷವೂ ಕಾಡಿನ ಗೆಡ್ಡೆಯೇ ಗತಿ.

ದೊರೆಗೆ ಎಲೆ ಅಡಿಕೆ ಮಡಿಸಿ ಕೊಡುವವನು ಓಬಯ್ಯ. ಅವನ ಹೆಂಡತಿ ಬೂದಿಗಟ್ಟೆಯವಳು. ತೀರಿಹೋಗಿ ವರ್ಷವಾಗಿತ್ತು. ಆಮೇಲೆ ಅವನ ಮಾತು ಕಡಿಮೆ. ಆಡಿದರೆ ಮಾತ್ರ ಚುಚ್ಚುತ್ತಿತ್ತು.

"ಲೋ ಓಬಯ್ಯ, ನಿನ್ನ ಹೆಂಡತಿ ಆ ಊರಿನವಳಲ್ಲವೇನೋ? ನಿನಗೆ ಗೊತ್ತಿರಬೇಕಲ್ಲ?"

"ಅಷ್ಟಿಷ್ಟು ಗೊತ್ತು ಬುದ್ಧಿ. ಅವಳು ಹೇಳಿದ್ದು. ಗುಟ್ಟು ಮಾಡಿದ್ದಿದ್ದರೆ ಅವಳ ಜೊತೆಗೇ ಮಣ್ಣಿಗೆ ಹೋಗೋದು."

"ನನ್ನ ಕಿವೀಲಿ ಹೇಳು."

"ಹೇಳ್ತೀನಿ. ಅರಮನೆ ಹಿಂದೆ ಚೌಳು ಬಿದ್ದಿದೆಯಲ್ಲ, ಅಲ್ಲಿ ಮಾಡಿ ನೋಡಿ. ಯಾರಿಗೂ ತಿಳೀದಂಗೆ ಮಾಡಿದರೆ ಗುಟ್ಟು ನಿಮ್ಮದು. ಆಗದಿದ್ದರೆ ಗ್ಯಾರಮ್ಮನ್ನ ಬಿಡಬೇಕು. ಅವಳು ಯಾರಿಗೆ ಬೇಕಾದರೂ ಹೇಳಲಿ."

"ನನ್ನಿಂದ ಆಗದ್ದು ಏನಿದೆಯೋ! ಒಪ್ಪಿದೆ."

ಓಬಯ್ಯ ಕಿವಿಯಲ್ಲಿ ಉಸುರಿದ. ಕೆರೆಯ ತಳದ ಗೋಡು ಮಣ್ಣು. ಹೊಂಗೆ ಸೊಪ್ಪು. ಗೊಬ್ಬರ. ಹಿಕ್ಕೆ ಬೀಳಲೆಂದು ರಾತ್ರಿ ಕುರಿಮಂದೆ ನಿಲ್ಲಿಸುವುದು.

"ಇಷ್ಟೇನಾ?" ದೊರೆ ನಕ್ಕ. "ಗಾಡಿ ಕಟ್ಟಿಸು."

"ಕಟ್ಟಿಸ್ತೀನಿ. ಆದರೆ ಗಾಡಿಯವನು ಎಲ್ಲಿ ಸುರಿದೆ ಅಂತ ನೋಡ್ತಾನಲ್ಲ ಬುದ್ಧಿ? ಮನೆಗೆ ಹೋಗಿ ಹೇಳ್ತಾನೆ."

"ಅವನ ಕಣ್ಣಿಗೆ ಬಟ್ಟೆ ಕಟ್ಟಿ!"

ಕಟ್ಟಿದರು. ಎತ್ತುಗಳಿಗೆ ಅಡುಗೆಮನೆಯ ಹಿಂಡಿಯ ವಾಸನೆ ಬಂತು. ಗಾಡಿ ನೇರ ಅಲ್ಲಿಗೇ ನುಗ್ಗಿತು. ಅರ್ಧ ಗೋಡು ಸಾರಿನ ಕೊಪ್ಪರಿಗೆಗೆ ಬಿತ್ತು. ಅವತ್ತು ಸಾರು ಬಹಳ ಮಂದವಾಗಿದೆ ಎಂದು ಸಭೆ ಹೊಗಳಿ ಉಂಡಿತು.

ಕುರಿ ಕಾಯುವವನ ಕಣ್ಣಿಗೂ ಕಟ್ಟಿದರು. ಕುರಿಗಳಿಗೆ ಕಟ್ಟಿರಲಿಲ್ಲ. ಅವು ರಾಣಿಯ ಹೂದೋಟ ನೋಡಿದವು. ಬೆಳಗ್ಗೆ ತೋಟದಲ್ಲಿ ಬರೀ ಕಡ್ಡಿ.

"ಕುರಿಗಳಿಗೂ ಕಟ್ಟಿ!"

"ಕಟ್ಟಬಹುದು ಬುದ್ಧಿ. ಕಟ್ಟುವವನಿಗೆ ಗೊತ್ತಾಗುತ್ತಲ್ಲ?"

ದೊರೆ ಹಲ್ಲು ಕಡಿದ. "ಮತ್ತೆ ಗೊಬ್ಬರ ಹೊರೋನು ಯಾರೋ?"

"ಗುಟ್ಟು ಒಬ್ಬರದಾದರೆ ಬುಟ್ಟಿಯೂ ಒಬ್ಬರದೇ, ಬುದ್ಧಿ."

ದೊರೆ ಪಂಚೆ ಎತ್ತಿ ಕಟ್ಟಿದ. ರುಮಾಲಿನ ಮೇಲೆ ಬುಟ್ಟಿ ಇಟ್ಟುಕೊಂಡ. ಕಾವಲಿನವರಿಗೆ ಗೋಡೆ ಕಡೆ ಮುಖ ಮಾಡಿ ನಿಲ್ಲಲು ಅಪ್ಪಣೆಯಾಗಿತ್ತು. ನಿಂತರು. ಭುಜ ಮಾತ್ರ ಅಲುಗುತ್ತಿತ್ತು.

ಊಟದ ಹೊತ್ತಿಗೆ ದೊರೆಯ ಸೊಂಟ ಹಿಡಿಯಿತು. ಮೀಸೆಯಿಂದ ಸಗಣಿ ನೀರು ತೊಟ್ಟಿಕ್ಕುತ್ತಿತ್ತು.

"ಇನ್ನೆಷ್ಟೋ ಓಬಯ್ಯ?"

"ಬೂದಿಗಟ್ಟೇಲಿ ಇಡೀ ಊರು ಬುಟ್ಟಿ ಹೊತ್ತಿತು ಬುದ್ಧಿ. ಪ್ರತಿ ಬೇಸಿಗೇಲೂ ಹೊತ್ತಿತು. ನೀವು ಒಬ್ಬರೇ. ಹೀಗೇ ಹೊತ್ತರೆ ನಿಮ್ಮ ಮೊಮ್ಮಗನ ಕಾಲಕ್ಕೆ ಒಂದು ಸಾಲು ಅವರೆ ಬಂದೀತು."

ಬುಟ್ಟಿ ಜಾರಿತು. "ಅಯ್ಯೋ, ಯಾರಾದರೂ ಹಿಡೀರೋ!"

ಕಾವಲಿನವರು ತಿರುಗಿದರು. ಓಬಯ್ಯ ಸಂಚಿಯಿಂದ ಅಡಕತ್ತರಿ ತೆಗೆದ.

"ಬನ್ರಪ್ಪ, ಹಿಡೀರಿ. ಹಿಡಿದವರಿಗೆ ಗುಟ್ಟು ತಿಳಿಯುತ್ತೆ. ಮೊದಲು ಯಾರ ನಾಲಿಗೆ?"

ಅಡಕತ್ತರಿ ಕಟಕ್ ಎಂದಿತು. ಕಾವಲಿನವರು ಮತ್ತೆ ಗೋಡೆ ಕಡೆ ತಿರುಗಿದರು.

ಬುಟ್ಟಿ ಪೂರ್ತಿ ಮಗುಚಿತು. ದೊರೆ ಚೆಲ್ಲಿದ ಸಗಣಿಯೊಳಗೇ ಕುಸಿದು ಕೂತ.

"ಸಾಕೋ ಮಾರಾಯ. ಆ ಮುದುಕಿಯನ್ನ ಬಿಡಿ. ಊರಿಗೆಲ್ಲ ಹೇಳಿಕೊಳ್ಳಲಿ."

ಸಾಯಂಕಾಲದೊಳಗೆ ಡಂಗುರವಾಯಿತು. ಹಳ್ಳಿಗಳ ಮಂದಿ ಗ್ಯಾರಮ್ಮನನ್ನು ಕರೆದೊಯ್ಯಲು ಬಂದರು. ಅವಳು ಸೆರೆಯಿಂದ ಹೊರಬಂದವಳು ಮೊದಲು ಅರಮನೆಯ ಹಿಂದಿನ ಚೌಳಿಗೆ ಹೋದಳು. ಬಗ್ಗಿ ಮಣ್ಣು ಮುಟ್ಟಿದಳು.

"ಇದನ್ನ ಸುರಿದ ಪುಣ್ಯಾತ್ಮ ಯಾರು?"

ದೊರೆ ಕೆಮ್ಮಿದ. "ನಾನೇ."

"ಮೇಲಿನ ಬಿಳೀ ಹೆಪ್ಪು ಹೆರೆದೇ ಇಲ್ಲವಲ್ಲ ಬುದ್ಧಿ! ಉಪ್ಪು ನೀರು ಹರಿದು ಹೋಗೋಕೆ ಕಾಲುವೇನೂ ಇಲ್ಲ. ಹಸೀ ಸಗಣಿ ಬೇರೆ. ನೀವು ಹೊತ್ತಿದ್ದೆಲ್ಲ ದಂಡ."

ದೊರೆ ಸೊಂಟ ಹಿಡಿದುಕೊಂಡ. ಅಳು ಬರುವುದೊಂದು ಬಾಕಿ.

"ಅಲ್ಲಮ್ಮ, ಇದನ್ನ ಮೊದಲೇ ಹೇಳಬಾರದಿತ್ತಾ?"

ಗ್ಯಾರಮ್ಮ ಸೆರಗು ಸಿಕ್ಕಿಸಿ, ಬಂದವರ ಕೈಯಿಂದ ಗುದ್ದಲಿ ತೆಗೆದುಕೊಂಡಳು.

"ಹೇಳಿದ್ದಕ್ಕೇ ಅಲ್ಲವಾ ಬುದ್ಧಿ, ನೀವು ನನ್ನ ಒಳಗೆ ಹಾಕಿದ್ದು?"