ಓಗೊಡದವ್ವನ ಗುಡಿ

ಹೆಜ್ಜೇನುಗಲ್ಲಿನ ಕಡಿದಾದ ಬಂಡೆಯ ನಡುಮೈಯಲ್ಲಿ, ಆಡು ಕೂಡ ಅಂಜಿ ಕಾಲಿಡುವ ಚಾಚುಗಲ್ಲಿನ ಮೇಲೆ, ಓಗೊಡದವ್ವನ ಗುಡಿಯಿದೆ. ಕೆಳಗೆ ಇಷ್ಟು ಬಯಲಿರುವಾಗ ಅಲ್ಲೇ ಏಕೆ ಕಟ್ಟಿದರೋ ಎಂದು ನೋಡಿದವರು ಹುಬ್ಬೇರಿಸುತ್ತಾರೆ. ಯಾವನೋ ಪಾಳೆಯಗಾರ ವೈರಿಗಳಿಗೆ ಹೆದರಿ ಕಟ್ಟಿಸಿದನೆಂದು ಓದಿಕೊಂಡವರು ಹೇಳುತ್ತಾರೆ. ಹೇಳಲಿ ಬಿಡಿ. ಊರ ಹಿರಿಯರ ಮಾತೇ ಬೇರೆ.

ಹಿಂದೆ ಒಮ್ಮೆ ಈ ಬೆಟ್ಟದ ಮೇಲೆ ಜೇನು ಕೀಳುವವರ ಕೇರಿಯಿತ್ತು ಎನ್ನುತ್ತಾರೆ. ಆ ಕೇರಿಯ ಹುಲುಗ ಹಗ್ಗ ಹಿಡಿದು ಬಂಡೆಗೆ ಇಳಿದರೆ ಅವನ ಹೆಂಡತಿ ಸಂಕವ್ವ ಮೇಲೆ ಹಗ್ಗದ ಬಳಿ ಕೂರುವಳು. ಹೊಗೆಯಲ್ಲಿ ಕಣ್ಣು ಕಾಣದಾದಾಗ ಅವನು ಅವಳನ್ನು ಕೂಗುವನು. ಅವಳು ‘ಓ’ ಎಂದರೆ ದನಿ ಬಂದ ದಿಕ್ಕಿಗೆ ಕೈಚಾಚಿ ಹಗ್ಗ ಹಿಡಿಯುವನು. ಆದರೆ ಕೇರಿಯಲ್ಲಿ ಒಂದು ಕಟ್ಟಳೆಯಿತ್ತು. ದೆವ್ವ ಕರೆಯುವುದು ಒಂದೇ ಸಲ, ಮನುಷ್ಯರಾದರೆ ಮತ್ತೊಮ್ಮೆ ಕರೆಯುತ್ತಾರೆ. ಒಂಟಿ ಕೂಗಿಗೆ ಯಾರೂ ಓಗೊಡಕೂಡದು. ಸಂಕವ್ವ ಆಗ ಬಸುರಿ. ಹೊರಡುವಾಗ ಅತ್ತೆ, “ಮಟಮಟ ಮಧ್ಯಾಹ್ನ ಐತಿ, ಒಂಟಿ ಕೂಗಿಗೆ ಓ ಅಂದೀ ಮತ್ತ. ಹೊಟ್ಯಾಗಿನ ಕೂಸಿನ ಮ್ಯಾಲೆ ಖಬರಿರಲಿ” ಎಂದು ಎಚ್ಚರಿಸಿದ್ದಳು.

ಅಂದು ಜೇನುಹುಳುಗಳು ಕೆರಳಿದವು. ಚಾಚುಗಲ್ಲಿನ ಮೇಲೆ ನಿಂತು, ಕೈತಪ್ಪಿದ ಹಗ್ಗಕ್ಕೆ ತಡಕಾಡುತ್ತ ಹುಲುಗ “ಸಂಕೀ” ಎಂದು ಕೂಗಿದ. ‘ಓ’ ಅವಳ ನಾಲಗೆಯ ತುದಿಗೆ ಬಂದಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನುಂಗಿಕೊಂಡಳು. ಇನ್ನೊಮ್ಮೆ ಕರೆಯಲಿ, ಕರೆದೇ ಕರೆಯುತ್ತಾನೆ ಎಂದು ಕಾದಳು. ಕಲ್ಲು ಜಾರಿದ ಸದ್ದು ಕೇಳಿಸಿತು, ಅಷ್ಟೇ. ಕೆಳಗೆ ಸಿಕ್ಕ ಹೆಣದ ಬಾಯಿ ತುಂಬ ಜೇನುಹುಳುಗಳಿದ್ದವಂತೆ. ಇನ್ನೊಮ್ಮೆ ಹೇಗೆ ಕರೆದಾನು, ಪಾಪ.

ಯಾವ ಕೂಸಿಗಾಗಿ ಬಾಯಿ ಕಟ್ಟಿಕೊಂಡಳೋ ಆ ಕೂಸೂ ನಿಲ್ಲಲಿಲ್ಲ. ಸಂಕವ್ವ ಅದೇ ಹಗ್ಗ ಹಿಡಿದು ಚಾಚುಗಲ್ಲಿಗೆ ಇಳಿದು ಕೂತುಬಿಟ್ಟಳು. ಅಣ್ಣ ಬಂದು, “ಕೆಳಗ ಬಾ ತಂಗಿ, ಅಲ್ಲೇ ಗುಡಿಸಲ ಹಾಕಿ ಕೊಡ್ತೀನಿ” ಎಂದು ಅಂಗಲಾಚಿದ.

“ಕೆಳಗ ಕೂತ್ರ ಅವ ಕರದದ್ದು ಕೇಳ್ಸೂದಿಲ್ಲಣ್ಣ” ಎಂದಳೇ ಹೊರತು ಏಳಲಿಲ್ಲ. ಹಗಲೆಲ್ಲ ಯಾರೂ ಕರೆಯದೆಯೇ ‘ಓ, ಓ’ ಎನ್ನುತ್ತಿದ್ದಳು. ಆ ದನಿ ನಿಂತ ಮೇಲೂ ಅವಳನ್ನು ಕೆಳಗಿಳಿಸಲು ಯಾರಿಗೂ ಮನಸ್ಸಾಗಲಿಲ್ಲ. ಅಲ್ಲಿ ಹೂಳಲು ಮಣ್ಣಿಲ್ಲ. ಕಲ್ಲು ಒಟ್ಟಿ ಮುಚ್ಚಿದರು, ಅದರ ಮೇಲೆ ಗುಡಿ ಎದ್ದಿತು. ಅಷ್ಟು ಓಗೊಟ್ಟು ಸತ್ತವಳಿಗೆ ಜನ ಉಳಿಸಿದ ಹೆಸರು ಮಾತ್ರ ಓಗೊಡದವ್ವ.

ಇಂದಿಗೂ ಹೋದವರು ಕಾಣುವುದು ಕಣಿವೆಯತ್ತ ಮುಖ ಮಾಡಿ ಕೂತ ಒಂದು ಕಲ್ಲಿನ ಹೆಂಗಸನ್ನು. ಹೂವೇರಿಸುವುದೂ ಅವಳ ಬೆನ್ನಿಗೇ. ಹರಕೆ ಹೊರಲು ಬಂದವರನ್ನು ಪೂಜಾರಿ ಮೆಲ್ಲಗೆ ತಡೆಯುತ್ತಾನೆ: “ಏನೂ ಬೇಡ್ಕೋಬ್ಯಾಡ್ರಿ. ನಿಮ್ಮ ಮಾತು ಆಕಿಗೆ ಕೇಳ್ಸಂಗಿಲ್ಲ. ಆಕಿ ಇನ್ನೊಂದು ಕೂಗು ಕಾಯಾಕತ್ತಾಳ.”