ಚಿಕ್ಕ ಮರಿಯ ಕಾಲು

ಒಂದು ಊರಿತ್ತು. ಅಲ್ಲಿ ಎಲ್ಲರಿಗೂ ಲೆಕ್ಕ ಬರುತ್ತಿತ್ತು. ಹಾಗಂತ ಅವರೇ ಹೇಳಿಕೊಳ್ಳುತ್ತಿದ್ದರು.

ಅಳಿಲಮ್ಮನಿಗೆ ಒಂದು ಒಬ್ಬಟ್ಟು ಸಿಕ್ಕಿತು. ಅರ್ಧ ತಾನು ತಿಂದಳು. ಉಳಿದ ಅರ್ಧವನ್ನು ಎರಡು ಪಾಲು ಮಾಡಿದಳು. ದೊಡ್ಡ ಮರಿಗೆ ಕಾಲು. ಚಿಕ್ಕ ಮರಿಗೆ ಕಾಲು. ದೊಡ್ಡದು ಗುಳುಂ ಅಂತ ನುಂಗಿತು. ಚಿಕ್ಕದು ಬಾಯಿ ತೆರೆಯಿತು. ಕಾಗೆ ಬಂತು. ಕಾಲು ಹೋಯಿತು. ಕಾಗೆ ಬೇವಿನ ಮರದಲ್ಲಿ ಕೂತಿತು.

"ಅಮ್ಮಾ, ನನ್ನ ಕಾಲು!"

ಅಳಿಲಮ್ಮ ಮರಿಯನ್ನು ಬೆನ್ನಿಗೆ ಹಾಕಿಕೊಂಡು ಹೊರಟಳು.

"ಬೇವಣ್ಣ, ಬೇವಣ್ಣ, ಕಾಗೆ ಮರಿಯ ಕಾಲು ಕಿತ್ತುಕೊಂಡಿತು. ಕಾಗೆಯನ್ನು ಉದುರಿಸು."

ಮರ ಮರಿಯನ್ನು ನೋಡಿತು. ಒಂದು, ಎರಡು, ಮೂರು, ನಾಲ್ಕು. "ನಾಲ್ಕೂ ಇವೆಯಲ್ಲೇ! ನನಗಿರೋದು ಒಂದೇ. ನಾನು ಅಳ್ತೀನಾ? ಹೋಗು."

ಬಡಗಿ ಮೋನಾಚಾರಿ ಅಳತೆಯಲ್ಲಿ ಭಾರಿ ಗಟ್ಟಿಗ.

"ಆಚಾರ್ರೇ, ಆಚಾರ್ರೇ, ಕಾಗೆ ಮರಿಯ ಕಾಲು ಕಿತ್ತುಕೊಂಡಿತು. ಮರ ಕಾಗೆಯನ್ನು ಉದುರಿಸಲ್ಲ. ಮರ ಕಡಿಯಿರಿ."

ಒಂದು, ಎರಡು, ಮೂರು, ನಾಲ್ಕು. "ನಾಲ್ಕೂ ಇವೆ. ಮಂಚಕ್ಕೂ ಅಷ್ಟೇ ಇರೋದು. ಹೋಗಮ್ಮ."

ಆಚಾರಿಯ ಹೆಂಡತಿ ಕಾಳಮ್ಮ ಅಡುಗೆ ಮಾಡುತ್ತಿದ್ದಳು.

"ಕಾಳಕ್ಕ, ಕಾಳಕ್ಕ, ಕಾಗೆ ಮರಿಯ ಕಾಲು ಕಿತ್ತುಕೊಂಡಿತು. ಮರ ಕಾಗೆಯನ್ನು ಉದುರಿಸಲ್ಲ. ಆಚಾರ್ರು ಮರ ಕಡಿಯಲ್ಲ. ಆಚಾರ್ರಿಗೆ ಊಟ ಹಾಕಬೇಡಿ."

ಒಂದು, ಎರಡು, ಮೂರು, ನಾಲ್ಕು. "ನಾಲ್ಕಿದ್ದೂ ಅಳ್ತೀಯಾ? ನಾನು ಎರಡರಲ್ಲೇ ಸಂಸಾರ ತೂಗಿಸ್ತಿಲ್ವಾ? ಹೋಗೇ."

ಹೊಸ್ತಿಲಲ್ಲಿ ಇರುವೆ.

"ಇರುವೆ ತಂಗಿ, ಇರುವೆ ತಂಗಿ, ಕಾಗೆ ಮರಿಯ ಕಾಲು ಕಿತ್ತುಕೊಂಡಿತು. ಮರ ಕಾಗೆಯನ್ನು ಉದುರಿಸಲ್ಲ. ಆಚಾರ್ರು ಮರ ಕಡಿಯಲ್ಲ. ಕಾಳಕ್ಕ ಊಟ ನಿಲ್ಲಿಸಲ್ಲ. ಕಾಳಕ್ಕನನ್ನು ಕಚ್ಚು."

"ಯಾವುದರ ಕಾಲು?" ಅಂದಿತು ಇರುವೆ.

ಇಷ್ಟು ಹೊತ್ತು ಇದನ್ನು ಯಾರೂ ಕೇಳಿರಲಿಲ್ಲ. ಎಣಿಸುವುದರಲ್ಲೇ ಇದ್ದರು ಪಾಪ.

"ಒಬ್ಬಟ್ಟಿನ ಕಾಲು."

"ಒಬ್ಬಟ್ಟಿಗೂ ಕಾಲಿದೆಯಾ? ಇರಲಿ ಬಿಡು. ಬೆಲ್ಲದ್ದು ತಾನೇ? ನನಗೂ ಪಾಲು ಬೇಕು."

ಅಳಿಲಮ್ಮ ಮರಿಯ ಮುಖ ನೋಡಿದಳು. "ಕೊಡ್ತೀನಿ."

ಇರುವೆ ಕಾಳಮ್ಮನ ಹಿಮ್ಮಡಿಗೆ ಬಾಯಿ ಹಾಕಿತು.

"ಕಚ್ಚಬೇಡ, ಊಟ ನಿಲ್ಲಿಸ್ತೀನಿ!" ಅಂದಳು ಕಾಳಮ್ಮ.

"ಊಟ ನಿಲ್ಲಿಸಬೇಡ, ಮರ ಕಡೀತೀನಿ!" ಅಂದ ಆಚಾರಿ.

"ಕಡೀಬೇಡಿ, ಕಾಗೆ ಉದುರಿಸ್ತೀನಿ!" ಅಂದಿತು ಮರ.

"ಉದುರಿಸಬೇಡ..." ಅನ್ನಲು ಕಾಗೆ ಬಾಯಿ ತೆರೆಯಿತು. ಕಾಲು ಕೆಳಗೆ ಬಿತ್ತು.

ಅಳಿಲಮ್ಮ ನಿಟ್ಟುಸಿರು ಬಿಟ್ಟಳು. "ತಗೋ ತಂಗಿ. ಕಾಲಿನಲ್ಲಿ ಅರ್ಧ ನಿನಗೆ. ಅರೆಕಾಲು."

"ಅರೆ ಕಾಲಾ?" ಇರುವೆ ತನ್ನ ಆರೂ ಕಾಲು ನೋಡಿಕೊಂಡಿತು. "ನನ್ನನ್ನ ಕುಂಟಿ ಮಾಡ್ತೀಯಾ? ನಿನ್ನ ಅರೆ ಕಾಲು ನೀನೇ ಇಟ್ಟುಕೋ!"

ಸಿಟ್ಟಿನಿಂದ ಹೊರಟೇ ಹೋಯಿತು.

ಅಳಿಲಮ್ಮ ತಿದ್ದಲು ಹೋಗಲಿಲ್ಲ. ಇಡೀ ಕಾಲನ್ನು ಮರಿಯ ಬಾಯಿಗೆ ತುರುಕಿದಳು. "ಮಾತಾಡಬೇಡ. ನುಂಗು."

ಮರಿ ನುಂಗಿತು. ಕಥೆ ಹೊಟ್ಟೆಗಿಳಿಯಿತು.